ಎಡಗಾಲಿನ ಬ್ರೇಕು

ಇಂದ್ರಾಣಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ನಿಲ್ಲಿಸಿದ ಗಾಡಿ ನಿಂತಲ್ಲೇ ಇರುವಂತೆ ನೋಡಿಕೊಳ್ಳುವುದು ಮಾತ್ರ ಅವಳದೇ ಕೆಲಸ. ಅದು ಅವಳ ಪಾಲಿಗೆ ಬಂದಿದ್ದು ಒಂದು ಹಸುವಿನ ದೆಸೆಯಿಂದ.

ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಅವಳೂ ಗಂಡ ಕಾಂತರಾಜನೂ ಹಸು ಕಟ್ಟಿಕೊಂಡು, ಮೊಸರು ಬೆಣ್ಣೆ ಮಾಡಿ, ದಿನಾ ಬೆಳಗ್ಗೆ ಹಳೆ ವ್ಯಾನೊಂದರಲ್ಲಿ ಕೆಜಿಎಫ್‌ಗೆ ಒಯ್ದು ಮನೆಮನೆಗೆ ಕೊಡುತ್ತಿದ್ದರು. ಮೊದಲು ರಾಬರ್ಟ್‌ಸನ್‌ಪೇಟೆ, ಆಮೇಲೆ ಚಾಂಪಿಯನ್ ರೀಫ್ಸ್‌ನ ಗಣಿ ಕೆಲಸದವರ ಲೈನ್ ಮನೆಗಳು. ಒಂದು ಸಂಕ್ರಾಂತಿಯ ದಿನ ಹೊಸದಾಗಿ ತಂದಿದ್ದ ಸೀಮೆಹಸು ಪಟಾಕಿ ಸದ್ದಿಗೆ ಬೆದರಿ, ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ ಕಾಂತರಾಜನನ್ನು ಕೆರೆ ಏರಿಯ ತನಕ ಎಳೆದುಕೊಂಡು ಹೋಯಿತು. ಅವತ್ತು ಜಾರಿದ ಎಡಭುಜ ಮತ್ತೆ ನೆಟ್ಟಗೆ ಕೂರಲಿಲ್ಲ. ಗೇರು ಹೇಗೋ ಹಾಕುತ್ತಿದ್ದ. ಹ್ಯಾಂಡ್ ಬ್ರೇಕು ಎಳೆಯಲು ಹೋದರೆ ಮಾತ್ರ ಕಣ್ಣಲ್ಲಿ ನೀರು. ಆ ವ್ಯಾನಿನ ಬ್ರೇಕಿನ ಕೋಲು ಬೇರೆ ಹಟಮಾರಿ, ಮೊಂಡ ಎತ್ತಿನಂಥದ್ದು. ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಇಂದ್ರಾಣಿ ಒಂದು ದಿನ, "ಸರ್ಕೋ, ನಾನ್ ಎಳೀತೀನಿ" ಎಂದು ಎರಡೂ ಕೈ ಹಾಕಿ ಎಳೆದಳು. ಹಾಲು ಕರೆದ ಕೈ, ಕೋಲು ಮಾತಿಲ್ಲದೆ ಮೇಲೆ ಬಂತು.

ಅಲ್ಲಿಂದ ಅದೇ ಪದ್ಧತಿ. ಅವನು ಬಲಗಾಲಲ್ಲಿ ಬ್ರೇಕು ಒತ್ತಿ ಹಿಡಿದು, ಗೇರನ್ನು ನ್ಯೂಟ್ರಲ್‌ಗೆ ತಂದು, ಕೇಳುತ್ತಿದ್ದ: "ಆಕ್ದಾ?" ಅವಳು ಕರಕರ ಎಳೆದು, "ಆಕ್ದೆ" ಅನ್ನುತ್ತಿದ್ದಳು. ಆಮೇಲೆಯೇ ಅವನು ಕಾಲೆತ್ತಿ ಕೆಳಗಿಳಿಯುವುದು. ಇಂಜಿನ್ ಆರಿಸುವ ಮಾತೇ ಇಲ್ಲ. ಆರಿಸಿದರೆ ಮತ್ತೆ ಹೊತ್ತಿಸಲು ಬೀದಿಯವರೆಲ್ಲ ತಳ್ಳಬೇಕಿತ್ತು. ಗಂಡ ಹೆಂಡಿರು ಅಂದಮೇಲೆ ಜಗಳ ಇದ್ದದ್ದೇ. ಆದರೆ ಎಂಥ ಜಗಳವಾಡಿ ಮೂತಿ ತಿರುಗಿಸಿಕೊಂಡು ಹೊರಟರೂ ಕೆಜಿಎಫ್‌ನ ಏರುತಗ್ಗು ಶುರುವಾದ ಮೇಲೆ ಆ ಎರಡು ಮಾತು ಆಡದೆ ಗತಿ ಇರಲಿಲ್ಲ. ಲೈನ್ ಮನೆಗಳು ಮುಗಿಯುವ ಹೊತ್ತಿಗೆ ಮೂರನೇ ಮಾತೂ ಹೇಗೋ ಹೊರಗೆ ಬಂದಿರುತ್ತಿತ್ತು.

ಹೀಗೆ ವರ್ಷಗಳು ಉರುಳಿ, ವ್ಯಾನಿನ ತಳ ತುಕ್ಕು ಹಿಡಿದು, ಕಾಲಿಟ್ಟರೆ ರಸ್ತೆ ಕಾಣುವ ಸ್ಥಿತಿಗೆ ಬಂತು. ಆಗ ಬಂದವನು ಗಿರಿ. ಇಂದ್ರಾಣಿಯ ಅಣ್ಣನ ಮಗ, ಬಂಗಾರಪೇಟೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಯಾರೋ ಡಾಕ್ಟರು ಓಡಿಸಿ ಬಿಟ್ಟ ದೊಡ್ಡ ಕಾರೊಂದನ್ನು ತಾನೇ ಓಡಿಸಿಕೊಂಡು ತಂದು ಮನೆ ಮುಂದೆ ನಿಲ್ಲಿಸಿದ.

"ಅತ್ತೆ, ಇದು ಮಾವನ ಭುಜ ನೋಡ್ಕೊಂಡೇ ಮಾಡ್ದಂಗೈತೆ. ಕ್ಲಚ್ ಇಲ್ಲ, ಗೇರ್ ತಾನೇ ಬೀಳ್ತದೆ. ಆಂಡ್ ಬ್ರೇಕೂ ಎಳ್ಯಂಗಿಲ್ಲ. ಇಗೋ ಈ ಮೂಲೇಲಿ ಸಣ್ಣ ಪೆಡಲ್ ಐತಲ್ಲ, ಎಡಗಾಲಾಗೆ ಕಟಕಟ ಅಂತ ಒತ್ತು, ಗಾಡಿ ನಿಂತ್ಕೊಂತು. ಇನ್ನೊಂದ್ಸಲ ಒತ್ತು, ಬಿಟ್ಕೊಂತು."

ಕಾಂತರಾಜ ಕೂತು ಒತ್ತಿ ನೋಡಿದ. ಮತ್ತೆ ಒತ್ತಿದ. ಮಗುವಿನ ಹಾಗೆ ನಕ್ಕ. "ಎಳ್ಯೋದೇ ಇಲ್ಲ ಕಣೇ ಇಂದ್ರಾ!"

ಇಂದ್ರಾಣಿ ಪಕ್ಕದ ಸೀಟಿನಲ್ಲಿ ಕೂತು, ಬಲಗೈಯನ್ನು ಎರಡು ಸೀಟಿನ ನಡುವೆ ಇಳಿಬಿಟ್ಟಳು. ಕೈಗೆ ಸಿಕ್ಕಿದ್ದು ಮೆತ್ತನೆಯ ಹಾಸು. ಗೇರಿನ ಹಿಡಿಯೂ ಮೇಲೆ ಸ್ಟೀರಿಂಗ್ ಪಕ್ಕಕ್ಕೆ ಹೋಗಿತ್ತು.

"ಇಲ್ಲೇನ್ಲಾ ಇಡೋದು?"

"ಎಲೆಅಡಿಕೆ ಚೀಲ ಇಟ್ಕೋ ಅತ್ತೆ, ಆರಾಮಾಗಿ ಕುಂತ್ಕೋ. ಅಷ್ಟ್ಯಾಕೆ, ಇನ್ಮೇಲೆ ನೀನು ಓಗದಿದ್ರೂ ನಡೀತದೆ. ಮಾವ ಒಬ್ನೇ ಓಗ್ಬತ್ತಾನೆ. ನಿನ್ ಮಂಡಿಗೂ ಒಳ್ಳೇದು."

"ಅದೂ ನಿಜಾನೇ," ಅಂದ ಕಾಂತರಾಜ. "ಯುಗಾದಿ ಕಳೀಲಿ. ಆಮೇಲೆ ನೀನು ಮನೇಲಿದ್ಬುಡು."

ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಆದರೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಮನೆಯಲ್ಲಿದ್ದರೆ ಹಸು, ಸಗಣಿ, ಒಲೆ. ಗಾಡಿಯಲ್ಲಿ ಕೂತರೆ ಲೋಕ. ರಾಬರ್ಟ್‌ಸನ್‌ಪೇಟೆಯ ಇಸ್ತ್ರಿ ಅಂಗಡಿಯವನ ಅತ್ತೆ ಸೊಸೆ ಪುರಾಣ ಅವಳಿಗೆ ಬೇಕು. ಮೊಸರು ಹುಳಿಯಿಲ್ಲ ಎಂದು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಆಣೆ ಇಡಬಲ್ಲಳು. ಚಾಂಪಿಯನ್ ರೀಫ್ಸ್‌ನ ಮುದುಕಿ ಆರೋಗ್ಯಮ್ಮ ಪಾತ್ರೆ ಹಿಡಿದು ಬಂದರೆ ಮೊಸರಿಗಿಂತ ಮೊದಲು ಮಾತು ಅಳೆಯಬೇಕಿತ್ತು. ಬ್ರೇಕು ಎಳೆಯುವ ಕೆಲಸವೊಂದು ಇದ್ದುದರಿಂದ ತಾನೂ ಹೋಗಲೇಬೇಕು ಎಂಬ ನೆಪ ಇತ್ತು. ಈಗ ಆ ನೆಪವನ್ನೇ ಕಿತ್ತು ಅಲ್ಲಿ ಹಾಸು ಹಾಸಿಬಿಟ್ಟಿದ್ದರು.

ಮೊದಲ ದಿನಗಳಂತೂ ನಗೆಪಾಟಲು. ಬಂಗಾರಪೇಟೆ ಮಾರ್ಕೆಟ್ ರಸ್ತೆಯಲ್ಲಿ ಕಾಂತರಾಜನ ಎಡಗಾಲು ಹಳೆ ಚಾಳಿಯಂತೆ ಕ್ಲಚ್ ಹುಡುಕಿಕೊಂಡು ಹೋಗಿ ಆ ಪೆಡಲನ್ನು ತುಳಿದೇಬಿಟ್ಟಿತು. ಗಾಡಿ ಕಿರ್ರೆಂದು ಕೂಗಿ ನಿಂತಿತು. ಹಿಂದಿದ್ದ ಆಟೋದವನು ತೆಲುಗಿನಲ್ಲಿ ಕಾಂತರಾಜನ ಅಪ್ಪ, ಅಜ್ಜ ಇಬ್ಬರನ್ನೂ ನೆನೆದ. ಅವತ್ತಿಂದ ಕಾಂತರಾಜ ಎಡಗಾಲನ್ನು ಸೀಟಿನ ಕೆಳಕ್ಕೆ ಮಡಚಿ ಇಟ್ಟುಕೊಳ್ಳತೊಡಗಿದ. ತುಂಟ ಹೋರಿಯನ್ನು ಕಟ್ಟಿಹಾಕಿದ ಹಾಗೆ. ಇನ್ನೊಂದು ದಿನ ಬ್ರೇಕು ಬಿಡುವುದನ್ನೇ ಮರೆತು ರಾಬರ್ಟ್‌ಸನ್‌ಪೇಟೆಯ ತನಕ ಓಡಿಸಿದ.

"ಏನೋ ಸೀದ ವಾಸ್ನೆ ಬತ್ತೈತೆ," ಅಂದಳು ಇಂದ್ರಾಣಿ. "ಅಲ್ಲೊಂದು ಕೆಂಪು ದೀಪಾನೂ ಉರೀತೈತೆ ನೋಡು."

"ಡಾಕ್ಟ್ರು ಗಾಡಿ ಅಲ್ವಾ, ಅದ್ರಾಗೆ ದೇವ್ರ ದೀಪ ಇರ್ಬೇಕು. ಉರೀಲಿ ಬುಡು."

ಇಸ್ತ್ರಿ ಅಂಗಡಿಯವನು ಬಗ್ಗಿ ಚಕ್ರ ಮೂಸಿ, "ಅಣ್ಣಾ, ನನ್ ಪೆಟ್ಟಿಗೆಗಿಂತ ನಿನ್ ಗಾಡಿ ಚೆನ್ನಾಗಿ ಕಾದೈತೆ, ನಾಕು ಶರ್ಟ್ ಕೊಡ್ಲಾ?" ಎಂದ.

ನಿಧಾನಕ್ಕೆ ಕಾಂತರಾಜ ಪಳಗಿದ. ನಿಲ್ಲಿಸುವಾಗ ಎಡಗಾಲನ್ನು ಸೀಟಿನ ಕೆಳಗಿಂದ ಹೊರತೆಗೆದು, ಒತ್ತಿ, ಇಳಿಯುತ್ತಿದ್ದ. ಕೇಳುವುದೇನೂ ಇರಲಿಲ್ಲ, ಹೇಳುವುದೇನೂ ಇರಲಿಲ್ಲ. ಇಂಜಿನ್ ಮಾತ್ರ ಆರಿಸುತ್ತಿರಲಿಲ್ಲ. ಹೊಸ ಗಾಡಿ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ ಎಂದು ಗಿರಿ ಬಡಕೊಂಡರೂ ಅವನ ಮನಸ್ಸು ನಂಬಲಿಲ್ಲ. ಗೇರಿನ ಸಾಲಿನಲ್ಲಿ ಗಾಡಿ ನಿಲ್ಲಿಸುವುದಕ್ಕೆಂದೇ ಒಂದು ಮನೆ ಇದೆ, ಅಲ್ಲಿಗೆ ತಳ್ಳಿದರೆ ಚಕ್ರಕ್ಕೆ ಬೀಗ ಬೀಳುತ್ತದೆ ಎಂದೂ ಗಿರಿ ತೋರಿಸಿಕೊಟ್ಟಿದ್ದ. ಕಾಂತರಾಜನ ಕೈ ಮಾತ್ರ ಬಾಳಿನುದ್ದಕ್ಕೂ ಕಲಿತ ನ್ಯೂಟ್ರಲ್‌ನಲ್ಲೇ ನಿಲ್ಲುತ್ತಿತ್ತು.

ಯುಗಾದಿಗೆ ವಾರ ಇತ್ತು. ಚಾಂಪಿಯನ್ ರೀಫ್ಸ್‌ಗೆ ಬರುವ ತನಕ ಇಂದ್ರಾಣಿಯ ಮನಸ್ಸಿನಲ್ಲಿ ಅದೇ. ಈಗ ಕೇಳಲೋ, ಆಗ ಕೇಳಲೋ. ಆರೋಗ್ಯಮ್ಮನ ಸಾಲಿನ ಏರಿಗೆ ಗಾಡಿ ತಿರುಗಿದಾಗ ಬಾಯಿಬಿಟ್ಟಳು.

"ಯುಗಾದಿ ಆದ್ಮೇಲೆ ನಿಜ್ವಾಗ್ಲೂ ನಾನು ಬರ್ಬಾರ್ದಾ?"

"ಬರ್ಬಾರ್ದು ಅಂತ ಯಾರಂದ್ರೇ? ಮಂಡಿ ನೋವು ಅಂತ ನೀನೇ ಅಲ್ವಾ ಅನ್ನೋದು."

"ಮಂಡಿ ನೋವ್ಗೂ ಗಾಡೀಲಿ ಕುಂತ್ಕೊಳ್ಳಾಕೂ ಏನಯ್ಯ ಸಂಬಂಧ?"

"ಇಳೀಬೇಕು, ಅತ್ಬೇಕು..." ಅನ್ನುತ್ತಾ ಕಾಂತರಾಜ ಮುದುಕಿಯ ಮನೆ ಮುಂದೆ ನಿಲ್ಲಿಸಿದ. ಬಲಗಾಲು ಬ್ರೇಕಿನ ಮೇಲೆ. ಗೇರು ನ್ಯೂಟ್ರಲ್‌ಗೆ. ತಲೆ ತುಂಬ ಮಾತು. ಬಾಯಿ ತನ್ನ ಪಾಡಿಗೆ ತಾನು ಕೇಳಿತು:

"ಆಕ್ದಾ?"

"ಆಕ್ದೆ."

ಅವನು ಕಾಲೆತ್ತಿ ಇಳಿದ. ಹಿಂದಿನ ಚಕ್ರ ಸಣ್ಣ ಗುಣಿಯಲ್ಲಿ ಕೂತಿತ್ತೋ ಏನೋ, ಗಾಡಿ ಅರೆಗಳಿಗೆ ಸುಮ್ಮನಿತ್ತು. ಅವನು ಹಿಂದೆ ಹೋಗಿ ಡಿಕ್ಕಿ ಬಾಗಿಲೆತ್ತಿ ಮೊಸರಿನ ಕ್ಯಾನಿಗೆ ಕೈ ಹಾಕಿ ಜಗ್ಗಿದ. ಆ ಎಳೆತಕ್ಕೆ ಚಕ್ರ ಗುಣಿ ಬಿಟ್ಟು ಹೊರಳಿತು.

ಇಂದ್ರಾಣಿಗೆ ಕಂಡಿದ್ದು ಆರೋಗ್ಯಮ್ಮನ ಮನೆ ಮೆಲ್ಲಗೆ ಮುಂದಕ್ಕೆ ಹೋಗುತ್ತಿರುವುದು. ಮನೆ ಯಾಕೆ ಹೋಗುತ್ತಿದೆ ಎಂದುಕೊಂಡಳು. ಮರುಗಳಿಗೆಗೆ ಜೀವ ಬಾಯಿಗೆ ಬಂತು. ಕೈ ಕೆಳಗೆ ಹೋಗಿ ಕೋಲನ್ನು ಹುಡುಕಿತು, ಹಾಸನ್ನು ಪರಚಿತು. ಕನ್ನಡಿಯಲ್ಲಿ ಕ್ಯಾನಿಗೆ ಬಗ್ಗಿದ ಗಂಡನ ತಲೆ, ಅವನ ಕಡೆಗೇ ಜಾರುತ್ತಿರುವ ಗಾಡಿ.

"ಅಯ್ಯೋ, ಪಕ್ಕಕ್ಕೋಗೋ! ಪಕ್ಕಕ್ಕೋಗೋ!"

ಮದುವೆಯಾದಾಗಿನಿಂದ ಗಂಡನನ್ನು ಅವಳು 'ಹೋಗೋ' ಎಂದು ಕೂಗಿದವಳಲ್ಲ. ಕಾಂತರಾಜ ಪಕ್ಕಕ್ಕೆ ನೆಗೆದು, ಕಾಲು ತೊಡರಿ, ಅಂಗೈ ಊರಿ ಬಿದ್ದ. ಗಾಡಿ ಅವನನ್ನು ದಾಟಿ ಹಿಂದಕ್ಕೆ ಹೋಗಿ, ಬೀದಿ ನಲ್ಲಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿಗೆ ಧಡ್ಡೆಂದು ಬಡಿದು ನಿಂತಿತು. ಕ್ಯಾನು ಮಗುಚಿ ಮೊಸರೆಲ್ಲ ಕಲ್ಲಿನ ಮೇಲೆ ಹರಿಯಿತು.

ಸಾಲಿನ ಮನೆಗಳ ಬಾಗಿಲುಗಳೆಲ್ಲ ತೆರೆದವು. ಕಾಂತರಾಜ ರಕ್ತ ಜಿನುಗುವ ಅಂಗೈ ಹಿಡಿದುಕೊಂಡು ಬಂದ. ಮುಖ ಸುಣ್ಣದ ಹಾಗೆ.

"ಆಕ್ದೆ ಅಂದ್ಯಲ್ಲೇ!"

"ಅಂದೆ."

"ಎಲ್ಲೇ ಆಕ್ದೆ?"

"ಏನ್ ಆಕ್ಲಿ? ಎಲ್ಲೈತೆ ಅದು?"

ನಲ್ಲಿಯ ಬಳಿ ನಿಂತಿದ್ದವನೊಬ್ಬ ನಕ್ಕುಬಿಟ್ಟ. "ಬ್ರೇಕು ನಿನ್ ಕಾಲ್ ತಾವ ಐತೆ, ಅಕ್ಕನ್ನ ಕೇಳ್ತೀಯಲ್ಲಣ್ಣ!"

ಆರೋಗ್ಯಮ್ಮ ಅವನ ಕಡೆ ಕೈ ಬೀಸಿದಳು. "ಪೋಡಾ, ಸಿರಿಕ್ಕಾದೆ! ನಗಬೇಡ! ಮನುಷ್ಯ ಬದುಕಿದ್ದಾನೆ, ಅದನ್ನ ನೋಡು." ಇಂದ್ರಾಣಿಯನ್ನು ತೋಳು ಹಿಡಿದು ಇಳಿಸಿ, ಜಗಲಿಯಲ್ಲಿ ಕೂರಿಸಿದಳು. "ಒಕ್ಕಾರು ಕಣ್ಣಮ್ಮಾ, ತಣ್ಣಿ ಕುಡಿ." ನೀರಿನ ಲೋಟ ಕೊಟ್ಟಳು. 

ವಾಪಸು ಹೊರಟರು. ಹಿಂದಿನ ದೀಪ ಒಡೆದಿತ್ತು, ಬಂಪರ್ ನಗ್ಗಿತ್ತು, ಅವೆಲ್ಲ ಗಿರಿ ನೋಡಿಕೊಳ್ಳುತ್ತಾನೆ. ಇಂದ್ರಾಣಿಯನ್ನು ಕೊರೆಯುತ್ತಿದ್ದದ್ದು ತನ್ನದೇ ಬಾಯಿ. ಹಾಕಿರಲಿಲ್ಲ. ಹಾಕಲು ಅಲ್ಲೇನೂ ಇರಲೂ ಇಲ್ಲ. ಆದರೂ "ಆಕ್ದೆ" ಅಂದಿತ್ತು, ಸುಳ್ಳು ಹೇಳುತ್ತಿದ್ದೇನೆ ಅನ್ನುವ ಅಳುಕೂ ಇಲ್ಲದೆ. ಹೀಗೆ ಇನ್ನೆಷ್ಟು ಸಲ ಅಂದಿರಬಹುದು? "ಉಂಡ್ಯಾ?" ಅಂದರೆ "ಉಂಡೆ." ಉಂಡಿರುತ್ತಿರಲಿಲ್ಲ, ಸೀರೆ ಸೆರಗು ಬಿಗಿದು ಕೊಟ್ಟಿಗೆಗೆ ಹೋಗುತ್ತಿದ್ದಳು. "ನೋವು ಓಯ್ತಾ?" ಅಂದರೆ "ಓಯ್ತು." ಅವನೂ ಹಾಗೇ. ಭುಜ ನೋಯುತ್ತಾ ಅಂತ ಕೇಳಿದರೆ ಎಷ್ಟು ವರ್ಷದಿಂದ ಇಲ್ಲ ಅನ್ನುತ್ತಿದ್ದಾನೋ. ಕೇಳುವವರು ಕೇಳಿ, ಹೇಳುವವರು ಹೇಳಿ ಮುಗಿಯುತ್ತಿತ್ತು. ಯಾರೂ ಬಗ್ಗಿ ನೋಡುತ್ತಿರಲಿಲ್ಲ.

ಮನೆಗೆ ಬಂದು ಅಂಗೈಗೆ ಅರಿಶಿನ ಮೆತ್ತಿಸಿಕೊಳ್ಳುತ್ತಾ ಕಾಂತರಾಜ ಹೇಳಿದ. ಕೋಪ ಇಳಿದಿತ್ತು. ಅದಕ್ಕೇ ಆ ಮಾತಿಗೆ ತೂಕ ಹೆಚ್ಚಿತ್ತು.

"ನಾಳೆಯಿಂದ ನೀನು ಬರ್ಬೇಡ ಇಂದ್ರಾ. ಬೈಯ್ತಿಲ್ಲ ನಾನು. ನೀನು ಪಕ್ಕದಾಗಿದ್ರೆ ನನ್ ಬಾಯಿ ಕೇಳ್ತದೆ. ನೀನಿಲ್ದಿದ್ರೆ ಕೇಳಾಕೆ ಯಾರೂ ಇರಲ್ಲ, ನಾನೇ ನೋಡಿ ಒತ್ತೀನಿ. ಇವತ್ತು ನಾನು ಬಿದ್ದೆ. ನಾಳೆ ಅಲ್ಲಿ ನಲ್ಲಿ ತಾವ ಮಕ್ಳು ನಿಂತಿದ್ರೆ?"

 ಮಾತು ನ್ಯಾಯವಾಗಿತ್ತು. ಅವಳು ಅರಿಶಿನದ ಬಟ್ಟಲು ತೊಳೆದಿಟ್ಟಳು.

ಮಾರನೆಯ ದಿನ ಅವನೊಬ್ಬನೇ ಹೋದ. ಅವಳ ಸೀಟಿನಲ್ಲಿ ಬೆಣ್ಣೆಯ ಡಬ್ಬ ಕೂತು, ಬೆಲ್ಟನ್ನೂ ಕಟ್ಟಿಸಿಕೊಂಡು, ಯಜಮಾನಿಯ ಹಾಗೆ ಹೊರಟಿತು. ಇಂದ್ರಾಣಿ ದಿನವಿಡೀ ಕಿವಿಯನ್ನು ರಸ್ತೆಯ ಮೇಲೆ, ಕಣ್ಣನ್ನು ಫೋನಿನ ಮೇಲೆ ಇಟ್ಟಿದ್ದಳು. ಯಾರಾದರೂ ಫೋನು ಮಾಡಿ, ಮೊಸರು ಬರಲಿಲ್ಲ, ಅಳತೆ ತಪ್ಪಿತು, ನೀನಿಲ್ಲದೆ ಆಗುವುದಿಲ್ಲ ತಾಯಿ ಅಂದಾರು ಅಂತ. ಯಾರೂ ಮಾಡಲಿಲ್ಲ. ಕಾಂತರಾಜ ಎಂದಿಗಿಂತ ಬೇಗ ಬಂದ. ಕ್ಯಾನುಗಳೆಲ್ಲ ಖಾಲಿ.

"ಎಂಗಾಯ್ತು?"

"ಚೆನ್ನಾಗಾಯ್ತು. ಎಲ್ಲಾ ಕಡೇನೂ ನೋಡ್ಕೊಂಡು ಒತ್ದೆ. ಒಂದ್ಕಡೆನೂ ಮರೀಲಿಲ್ಲ."

ಅವಳಿಗೆ ಬೇಜಾರಾಯಿತು. ಆಮೇಲೆ ನಾಚಿಕೆಯಾಯಿತು. ಗಂಡ ಸುಖವಾಗಿ ಹೋಗಿಬಂದ ಅಂದರೆ ಬೇಜಾರಾಗುವ ಹೆಂಡತಿ ಎಂಥವಳು? ಆ ನಾಚಿಕೆಯಲ್ಲಿಯೇ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ತಾನಿಲ್ಲದೆ ಏನಾದರೂ ಕೆಡಲಿ ಎಂದು ಕಾಯುತ್ತಾ ಕೂತರೆ, ಕೆಟ್ಟರೂ ಕಷ್ಟ, ಕೆಡದಿದ್ದರೂ ಕಷ್ಟ.

ಸಂಜೆ ಹಾಲು ಕರೆಯುವ ಹೊತ್ತಿಗೆ, ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು, ಆಚೆ ಬದಿಯಲ್ಲಿ ಹುಲ್ಲು ಹಾಕುತ್ತಿದ್ದ ಗಂಡನಿಗೆ ಹೇಳಿದಳು.

"ನಾಳೆ ನಾನು ಬತ್ತೀನಿ."

"ಯಾಕೆ?"

"ಬರ್ಬೇಕು ಅನ್ನುಸ್ತೈತೆ."

"ನೀನಿಲ್ದೆ ನಡೀತಲ್ಲೇ ಇವತ್ತು."

"ನಡೀತು. ನಾಳೇನೂ ನಡೀತದೆ. ನಾನಿಲ್ದೆ ಓದ್ರೆ ನಿಂಗೇನೂ ಕಮ್ಮಿ ಆಗಲ್ಲ, ಗೊತ್ತಾಯ್ತು." ಹಾಲಿನ ಧಾರೆ ಬಕೆಟ್ಟಿನಲ್ಲಿ ಸುರ್ ಸುರ್ ಎನ್ನುತ್ತಿತ್ತು. "ಕಮ್ಮಿ ಆಗೋದು ನಂಗೆ ಕಣಯ್ಯ. ಇಲ್ಲಿ ಈ ಲಕ್ಷ್ಮಿ ಜೊತೇಲಿ ಎಷ್ಟು ಮಾತಾಡ್ಲಿ? ಇದು ಬಾಲದಾಗೆ ಒಡೀತದೆ ಅಷ್ಟೆ. ಇಷ್ಟು ವರ್ಸ ಬ್ರೇಕ್ ಎಳ್ಯಾಕೆ ಬತ್ತಿದ್ದೆ ಅಂತ ನಾನೂ ಅಂದ್ಕೊಂಡಿದ್ದೆ, ನೀನೂ ಅಂದ್ಕೊಂಡಿದ್ದೆ. ಅದಕ್ಕಲ್ಲ ನಾನು ಬತ್ತಿದ್ದಿದ್ದು."

ಕಾಂತರಾಜ ಹುಲ್ಲಿನ ಕಟ್ಟು ಹಿಡಿದು ನಿಂತ. 

"ಮತ್ತೆ ನನ್ ಬಾಯಿ ಕೇಳ್ತದಲ್ಲ?"

"ಕೇಳ್ಲಿ. ನಾನು ಏಳಲ್ಲ."

"ಏಳ್ದೆ?"

"ಬಾಯಿಗೆ ಎಲೆಅಡಿಕೆ ಆಕ್ಕೊಂಡು ಕುಂತ್ಕೊಂತೀನಿ. ನನ್ ಬಾಯಿಂದ ಉತ್ರ ಬರ್ಲಿಲ್ಲ ಅಂದ್ರೆ ನಿನ್ ಕಾಲು ಉತ್ರ ಉಡುಕ್ಕೊಂತದೆ. ಇಳ್ಯಾಕೆ ಮುಂಚೆ ನಾನೂ ಬಗ್ಗಿ ನೋಡ್ತೀನಿ, ಬ್ರೇಕಿನ ಕೆಂಪು ದೀಪ ಉರೀತೈತಾ ಇಲ್ವಾ ಅಂತ. ಗಿರಿ ಏಳ್ದಂಗೆ ಇಂಜಿನ್ನೂ ಆರ್ಸು, ಗೇರನ್ನ ಅದ್ರ ಮನೇಗೆ ತಳ್ಳು. ಗಾಡಿ ತಳ್ಳೋ ಕಾಲ ಓಯ್ತು."

"ಮಂಡಿ?"

"ನೋಯ್ತೈತೆ," ಅಂದಳು. "ನಿನ್ ಭುಜ?"

ಕಾಂತರಾಜ ಹುಲ್ಲಿನ ಕಟ್ಟು ಕೆಳಗಿಟ್ಟ. ಆಮೇಲೆ ಹಸುವಿನ ಆಚೆ ಬದಿಯಿಂದ ಬಂತು: "ನೋಯ್ತೈತೆ ಕಣೇ. ಚಳೀಲಂತೂ ಪ್ರಾಣ ಇಂಡ್ತದೆ."

ಬೆಳಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು ಬಂದಾಗ ಬೆಣ್ಣೆ ಡಬ್ಬ ಮುಂದಿನ ಸೀಟಿನಲ್ಲೇ ಇತ್ತು. ಕಾಂತರಾಜ ಅದರ ಬೆಲ್ಟು ಬಿಚ್ಚಿ, ಎತ್ತಿ ಹಿಂದಕ್ಕೆ ಇಟ್ಟ. ರಾಬರ್ಟ್‌ಸನ್‌ಪೇಟೆಯ ನಿಲುಗಡೆಗಳೆಲ್ಲ ಸಮತಟ್ಟು, ಮಾತುಕತೆಯಲ್ಲೇ ಕಳೆದವು. ಇಸ್ತ್ರಿ ಅಂಗಡಿಯವನ ಸೊಸೆ ತವರಿಗೆ ಹೋದಳಂತೆ. ಒಂದೇ ದಿನ ಬರದಿದ್ದಕ್ಕೆ ಎಷ್ಟೆಲ್ಲ ತಪ್ಪಿಹೋಗಿತ್ತು.

ಆರೋಗ್ಯಮ್ಮನ ಸಾಲಿನ ಏರು ಬಂತು. ಗಾಡಿ ನಿಂತಿತು. ಕಾಂತರಾಜ ಬಾಗಿಲಿನ ಕಡೆ ತಿರುಗುತ್ತಾ ಕೇಳಿಯೇ ಕೇಳಿದ.

"ಆಕ್ದಾ?"

ಇಂದ್ರಾಣಿಯ ನಾಲಿಗೆ ತುದಿಗೆ ಬಂದುಬಿಟ್ಟಿತ್ತು. ಹಲ್ಲು ಕಚ್ಚಿ ಹಿಡಿದಳು. ಎದುರಿನ ಗಾಜಿನಾಚೆ ಮುದುಕಿ ಪಾತ್ರೆ ಹಿಡಿದು, ಸಾಲಿನವರಿಗೆಲ್ಲ ಕೇಳುವಂತೆ ಏನೋ ಕೂಗುತ್ತಾ ಬರುತ್ತಿದ್ದಳು. ಬಾಗಿಲ ಮೇಲಿದ್ದ ಕಾಂತರಾಜನ ಕೈ ಅಲ್ಲೇ ನಿಂತಿತು. ಉತ್ತರ ಬರದ ಕಡೆಗೆ ತಿರುಗಿ ನೋಡಿದ. ಅವಳು ಎಲೆಅಡಿಕೆಯ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದಳು. ಅವನು ತಲೆ ಬಗ್ಗಿಸಿದ. ಸೀಟಿನ ಕೆಳಗಿಂದ ಎಡಗಾಲು ಹೊರಬಂದು, ಮೂಲೆಯ ಪೆಡಲನ್ನು ಕೊನೆಯ ತನಕ ಅದುಮಿತು. ಕಟಕಟಕಟ. ಕೈ ಗೇರನ್ನು ಮೇಲಿನ ಮನೆಗೆ ತಳ್ಳಿತು. ಇಂದ್ರಾಣಿ ಬಗ್ಗಿ ಕೆಂಪು ದೀಪ ನೋಡಿ ತಲೆಯಾಡಿಸಿದಳು. ಕೀಲಿ ತಿರುಗಿತು. ಇಂಜಿನ್ ಸುಮ್ಮನಾಗಿ, ಅಷ್ಟು ವರ್ಷದಲ್ಲಿ ಮೊದಲ ಸಲ ಆ ಸಾಲಿನಲ್ಲಿ ಅವರಿಗೆ ಕಾಗೆಯ ಕೂಗು ಕೇಳಿಸಿತು.

 ಇಂದ್ರಾಣಿ ಬಾಗಿಲು ತೆಗೆದು, ಮಂಡಿಯ ಮೇಲೆ ಕೈಯೂರಿ, "ಅಮ್ಮಾ" ಎನ್ನುತ್ತಾ ಕೆಳಗಿಳಿದಳು.

"ನೇತ್ತು ಎಲ್ಲಿ ಹೋಗಿದ್ದೆಮ್ಮಾ ನೀನು?" ಮುದುಕಿ ಹತ್ತಿರ ಬಂದು ಪಾತ್ರೆಯಿಂದ ಅವಳ ತೋಳನ್ನು ತಿವಿದಳು. "ನಿನ್ನೆ ನಿನ್ನ ಗಂಡ ಬಂದ, ಮೊಸರು ಹಾಕಿದ, ಹೋದ. ಊಮೆ ಥರ! ಹುಳಿ ಇದೆಯಾ ಅಂದರೂ ಬಾಯಿ ಬಿಡಲಿಲ್ಲ."

"ಅವ್ರು ಕೆಳಗೆ ನೋಡ್ಕೊಂಡು ಕೆಲ್ಸ ಮಾಡ್ತವ್ರೆ, ಬಿಡು ಆರೋಗ್ಯಮ್ಮ," ಅಂದಳು ಇಂದ್ರಾಣಿ. "ಹುಳಿ ಇಲ್ಲ. ಪುಳಿಪ್ಪು ಇಲ್ಲವೇ ಇಲ್ಲ. ನನ್ನಾಣೆ."

ಕಾಂತರಾಜ ಹಿಂದಿನ ಬಾಗಿಲೆತ್ತಿ, ಗಾಡಿಯನ್ನೊಮ್ಮೆ ಕೈಯಿಂದ ತಳ್ಳಿ ನೋಡಿ, ಕ್ಯಾನನ್ನು ಬಲಗೈಯಲ್ಲಿ ಇಳಿಸಿದ. ಇವರ ಮಾತು ಈಗಲೇ ಮುಗಿಯುವುದಿಲ್ಲ ಎಂದು ಗೊತ್ತಿದ್ದವನಾಗಿ, ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತ.